ಹುಬ್ಬಳ್ಳಿ–ಬೆಂಗಳೂರು ವಿಮಾನ: ಹಾರುವುದು ಮುಕ್ಕಾಲು ತಾಸು, ಉಳಿದದ್ದು ನೆಲದ ಲೆಕ್ಕ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 410 ಕಿ.ಮೀ. ಆಕಾಶದಲ್ಲಿ ಎಷ್ಟು ಅಂತ ಕಾಗದದ ಮೇಲೇ ತೆಗೆಯಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಇರುವುದು 15.36 ಅಕ್ಷಾಂಶ, 75.08 ರೇಖಾಂಶದಲ್ಲಿ, ಬೆಂಗಳೂರಿನ ದೇವನಹಳ್ಳಿಯದು 13.20, 77.71. ಅಕ್ಷಾಂಶದ ವ್ಯತ್ಯಾಸ 2.16 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ಯಂತೆ 240. ರೇಖಾಂಶದ್ದು 2.63. ಇದಕ್ಕೂ 111 ಹಿಡಿದರೆ ಲೆಕ್ಕ ತಪ್ಪುತ್ತದೆ. ಸಮಭಾಜಕದಿಂದ ದೂರವಾದಂತೆ ರೇಖಾಂಶಗಳು ಒತ್ತಾಗುತ್ತವೆ, ನಮ್ಮ ಕಡೆ ಡಿಗ್ರಿಗೆ 108 ಸಾಕು, ಅಲ್ಲಿಗೆ 284. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ: ಸುಮಾರು 372 ಕಿ.ಮೀ. ಪೈಲಟ್‌ಗಳ ಭಾಷೆಯಲ್ಲಿ 200 ನಾಟಿಕಲ್ ಮೈಲಿ.

ಫ್ಯಾನಿನ ವಿಮಾನ ಎಟಿಆರ್ 72 ತಾಸಿಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಅಂದರೆ 45 ನಿಮಿಷ. ಆದರೂ ಟಿಕೆಟಿನಲ್ಲಿ ಒಂದು ತಾಸಿನ ಮೇಲೆಯೇ ಇರುತ್ತದೆ, ಯಾಕೆಂದರೆ ಅದು ಹಾರುವ ಹೊತ್ತಲ್ಲ. ನಿಂತ ಜಾಗದಿಂದ ಕದಲಿ, ಅಲ್ಲಿ ಹೋಗಿ ಮತ್ತೆ ನಿಲ್ಲುವವರೆಗಿನ ಹೊತ್ತು. ದೇವನಹಳ್ಳಿಯಲ್ಲಿ ಇಳಿಯಲು ಸಾಲು ಹಚ್ಚಬೇಕು, ಇಳಿದ ಮೇಲೂ ವಿಮಾನ ನೆಲದ ಮೇಲೆ ಬಹಳ ಹೊತ್ತು ಉರುಳುತ್ತದೆ. ಜೆಟ್ ವಿಮಾನವಾದರೆ ಅರ್ಧ ತಾಸಿನಲ್ಲಿ ಮುಟ್ಟುತ್ತದೆ ಅಂದುಕೊಳ್ಳಬೇಡಿ. ಇಷ್ಟು ಸಣ್ಣ ದೂರದಲ್ಲಿ ಅದು ಏರಿ ಸರಿಯಾಗಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಇನ್ನು ಮನೆಬಾಗಿಲಿನ ಲೆಕ್ಕ. ಹುಬ್ಬಳ್ಳಿ ಪೇಟೆಯಿಂದ ನಿಲ್ದಾಣಕ್ಕೆ ಅರ್ಧ ತಾಸು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಆದ್ದರಿಂದ 75 ನಿಮಿಷ ಹಿಡಿಯಿರಿ. ಟಿಕೆಟಿನಲ್ಲಿರುವ ಹೊತ್ತು 65, ಲಗೇಜು ಬರಲು 20–25, ಅಲ್ಲಿಂದ ಮೆಜೆಸ್ಟಿಕ್‌ಗೆ 35 ಕಿ.ಮೀ.ಗೂ ಹೆಚ್ಚು, ಸಂಜೆಯಾದರೆ ಒಂದೂವರೆ ತಾಸು. ಒಟ್ಟು ಐದು ತಾಸಿಗೆ ಹತ್ತಿರ. ವಂದೇ ಭಾರತ್ ಸುಮಾರು ಆರು ತಾಸಿನಲ್ಲಿ ನಗರದ ನಡುವೆಯೇ ಇಳಿಸುತ್ತದೆ. ಮೆಜೆಸ್ಟಿಕ್, ಜಯನಗರದ ಕೆಲಸಕ್ಕೆ ವಿಮಾನ ದುಡ್ಡು ದಂಡ. ಹೆಬ್ಬಾಳ, ಯಲಹಂಕದ ಕಡೆಯಾದರೆ, ಇಲ್ಲವೇ ದೇವನಹಳ್ಳಿಯಿಂದಲೇ ಮುಂದಿನ ವಿಮಾನ ಹಿಡಿಯುವುದಿದ್ದರೆ ಲಾಭ.

ಗದಗದವರು ಇದಕ್ಕೆ ಇನ್ನೂ 58 ಕಿ.ಮೀ. ರಸ್ತೆ ಕೂಡಿಸಿಕೊಳ್ಳಬೇಕು. ಹಾವೇರಿಯವರಂತೂ ಬೆಂಗಳೂರಿಗೆ ಬೆನ್ನು ಹಾಕಿ 75 ಕಿ.ಮೀ. ಹಿಂದಕ್ಕೆ ಬಂದು, ತಮ್ಮೂರ ಕಡೆಗೇ ಹಾರಿ ಹೋಗಬೇಕು! ಅವರಿಗೆ ರೈಲೇ ವಾಸಿ.

ಹೊತ್ತು ಕೆಡುವುದು ಹೆಚ್ಚಾಗಿ ಡಿಸೆಂಬರ್–ಜನವರಿಯ ನಸುಕಿನಲ್ಲಿ, ದೇವನಹಳ್ಳಿಯ ಮಂಜಿನಿಂದ. ಅಲ್ಲಿಂದ ಬರಬೇಕಾದ ವಿಮಾನವೇ ಬರದಿದ್ದರೆ ಇಲ್ಲಿಂದ ಹೊರಡುವುದು ಯಾವುದು? ಆ ತಿಂಗಳುಗಳಲ್ಲಿ ಮುಂದಿನ ವಿಮಾನಕ್ಕೆ ಮೂರು ತಾಸು ಬಿಡುವಿಡಿ. ಸಾಧ್ಯವಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟಾದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಆ ದುಡ್ಡು ಹೋದಂತೆಯೇ.

ಎಟಿಆರ್‌ಗೆ ಹತ್ತುವುದು ಹಿಂಬಾಗಿಲಿನಿಂದ, ಲಗೇಜು ಮುಂದೆ. ತಲೆಯ ಮೇಲಿನ ಕಪಾಟು ಸಣ್ಣದು. ಗಟ್ಟಿ ಟ್ರಾಲಿ ಹಿಡಿಸದಿದ್ದರೆ ಮೆಟ್ಟಿಲ ಹತ್ತಿರವೇ ಇಸಿದುಕೊಳ್ಳುತ್ತಾರೆ, ಪವರ್ ಬ್ಯಾಂಕ್ ಮೊದಲೇ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಬ್ಯಾಡಗಿ ಮೆಣಸಿನಪುಡಿಯನ್ನು ಮಾತ್ರ ಚೆಕ್-ಇನ್ ಲಗೇಜಿಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ. ಧಾರವಾಡ ಪೇಡೆಗೆ ತಕರಾರಿಲ್ಲ.