ಅಂಗಡಿ ಕಟ್ಟೆಯ ಮೇಲೆ ಓದಿದ 4-1

2008ರ ಆಗಸ್ಟ್ 13ರಂದು ಭಾರತ ಏಷ್ಯಾದ ಫುಟ್‌ಬಾಲ್ ಟೂರ್ನಿ ಎಎಫ್‌ಸಿ ಚಾಲೆಂಜ್ ಕಪ್ ಗೆದ್ದಿತು. ನನಗೆ ಗೊತ್ತಾಗಿದ್ದು ಮರುದಿನ, ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಅಂಗಡಿ ಕಟ್ಟೆಯಲ್ಲಿ. ಆ ವಾರ ಮಳೆ ಅಂದ್ರೆ ಮಳೆ. ಕರೆಂಟ್ ಇಲ್ಲ, ಟಿವಿ ಇಲ್ಲ, ಅಡಿಕೆಗೆ ಕೊಳೆ ಬಂತಲ್ಲ ಅಂತ ಮನೆಯಲ್ಲಿ ಎಲ್ಲರ ಮುಖ ಸಪ್ಪೆ. ಹೊರಗಿನ ಸುದ್ದಿ ಅಂದ್ರೆ ಬಸ್ಸಿನಲ್ಲಿ ಬರುವ ಪೇಪರ್ ಒಂದೇ.

ಪೇಪರ್ ಒದ್ದೆಯಾಗಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮೂಲೆಯಿಂದ ನಿಧಾನಕ್ಕೆ ಬಿಡಿಸಬೇಕು, ಅವಸರ ಮಾಡಿದರೆ ಹರಿಯುತ್ತದೆ, ಹೆಬ್ಬೆರಳಿಗೆಲ್ಲ ಮಸಿ. ಕ್ರೀಡಾಪುಟದ ತುಂಬ ಬೀಜಿಂಗ್ ಒಲಿಂಪಿಕ್ಸ್. ಬಿಂದ್ರಾ ಚಿನ್ನ ಗೆದ್ದು ಮೂರು ದಿನ ಆಗಿತ್ತಷ್ಟೇ. ಕೆಳಗೆ ನಮ್ಮ ಸುದ್ದಿ ಸಿಕ್ಕಿತು. ತಜಿಕಿಸ್ತಾನದ ಮೇಲೆ 4-1. ಸುನಿಲ್ ಛೆಟ್ರಿ ಹ್ಯಾಟ್ರಿಕ್, ಇನ್ನೊಂದು ಗೋಲು ಭುಟಿಯಾದು. ಹೈದರಾಬಾದಿನಲ್ಲಿ ಮಳೆಗೆ ಮೈದಾನ ಹಾಳಾಗಿ ಫೈನಲ್ಲನ್ನು ದೆಹಲಿಯ ಅಂಬೇಡ್ಕರ್ ಸ್ಟೇಡಿಯಂಗೆ ಒಯ್ದಿದ್ದರು. ನಾನು ಕಟ್ಟೆ ಮೇಲೆ ನಿಂತು ಜೋರಾಗಿ ಓದಿಬಿಟ್ಟೆ.

"ತಜಿಕಿಸ್ತಾನನ? ಅದೆಂತ ದೊಡ್ಡ ಟೀಮಾ ಮಾರಾಯಾ?" ಅಂದರು ಅಂಗಡಿ ಶೆಟ್ರು.

"ಹೋದ ಸಲ ಇದೇ ಕಪ್ ಗೆದ್ದವರು ಅವರೇ ಶೆಟ್ರೇ" ಅಂದೆ. ನಿಜವೂ ಹೌದು, 2006ರಲ್ಲಿ ಬಾಂಗ್ಲಾದೇಶದಲ್ಲಿ ನಡೆದ ಮೊದಲ ಟೂರ್ನಿ ಅವರದ್ದೇ. ಆಮೇಲೆ ಅಲ್ಲೇ ಕೂತು ಅವರಿಗೆ ಎಲ್ಲ ಹೇಳಿದೆ: ಜಪಾನ್, ದಕ್ಷಿಣ ಕೊರಿಯಾ, ಇರಾನ್‌ಗಳ ಎದುರು ನಿಲ್ಲೋಕೆ ಕಷ್ಟಪಡುವ ತಂಡಗಳಿಗಾಗಿ ಮಾಡಿದ ಕಪ್ ಇದು, ಗೆದ್ದವರಿಗೆ ಸೀದಾ ಏಷ್ಯಾ ಕಪ್ಪಿನಲ್ಲಿ ಜಾಗ, ನಾವು ಅಲ್ಲಿ ಆಡಿದ್ದು 1984ರಲ್ಲೇ ಕೊನೆ. ಶೆಟ್ರು ತೂಕ ಮಾಡೋದು ಬಿಟ್ಟು ಕೇಳಿದರು. "ಹಂಗಾದ್ರೆ ಸಣ್ಣ ಸುದ್ದಿ ಅಲ್ಲ ಬಿಡು" ಅಂತ ಆ ಹಾಳೆಯನ್ನು ಪೊಟ್ಟಣ ಕಟ್ಟೋಕೆ ಬಳಸದೆ ನನಗೇ ಕೊಟ್ಟರು.

2011ರ ಜನವರಿಯಲ್ಲಿ ದೋಹಾದಲ್ಲಿ ನಡೆದ ಆ ಏಷ್ಯಾ ಕಪ್ಪಿನಲ್ಲಿ ನಮ್ಮವರು ಮೂರೂ ಪಂದ್ಯ ಸೋತರು. ಆಸ್ಟ್ರೇಲಿಯಾ ನಾಲ್ಕು ಗೋಲು ಹೊಡೆಯಿತು, ಬಹ್ರೇನ್ ಐದು, ಕೊರಿಯಾ ನಾಲ್ಕು. "ಇದಕ್ಕಾ ಅಷ್ಟು ಕುಣಿದಿದ್ದು?" ಅಂತ ಕೆಲವರು ಕೇಳಿದರು. ಹೌದು, ಇದಕ್ಕೇ. ಬಹ್ರೇನ್ ಮೇಲೆ ನಾವು ಎರಡು ಗೋಲು ಹೊಡೆದೆವು, ಕೊರಿಯಾ ಮೇಲೂ ಒಂದು. ಆ ಮೈದಾನಕ್ಕೆ ಇಳಿಯದೆ ಅದು ಹೇಗೆ ಸಾಧ್ಯ ಇತ್ತು?

ಮುಂದಿನ ಎರಡು ಚಾಲೆಂಜ್ ಕಪ್ ಉತ್ತರ ಕೊರಿಯಾಕ್ಕೆ ಹೋದವು. 2014ರಲ್ಲಿ ಮಾಲ್ಡೀವ್ಸ್‌ನಲ್ಲಿ ಫಿಲಿಪ್ಪೀನ್ಸನ್ನು ಒಂದೇ ಒಂದು ಗೋಲಿನಿಂದ ಸೋಲಿಸಿ ಪ್ಯಾಲೆಸ್ತೀನ್ ಗೆದ್ದಿತು. ಅದರಿಂದಲೇ ಅವರು ಮೊದಲ ಸಲ ಏಷ್ಯಾ ಕಪ್ ಆಡಿದ್ದು. ಅಲ್ಲಿಗೆ ಟೂರ್ನಿ ನಿಂತಿತು. 2019ರಿಂದ ಏಷ್ಯಾ ಕಪ್ಪಿನಲ್ಲೇ 24 ತಂಡ, ಇನ್ನು ಬೇರೆ ಕಪ್ ಯಾಕೆ ಅನ್ನೋದು ಲೆಕ್ಕ. ನಾನು ಒಪ್ಪಲ್ಲ. ಭೂತಾನ್, ನೇಪಾಳ, ಶ್ರೀಲಂಕಾದ ಹುಡುಗರಿಗೆ 24ರಲ್ಲೂ ಜಾಗ ಸಿಗೋದು ಕಷ್ಟ. ಅವರೂ ಒಂದು ಫೈನಲ್ ಆಡಬೇಕು, ಅವರ ಊರಿನ ಪೇಪರಿನಲ್ಲೂ ಅದು ಬರಬೇಕು. ಆ ಕಪ್ಪನ್ನು ಮತ್ತೆ ಶುರು ಮಾಡಲಿ.