ದೋರ ಸುಟ್ಟವನ ಕೈಯನ್ನೂ ಹಿಡಿದ ಅನಂತ

ಭಾದ್ರಪದ ಶುದ್ಧ ಚತುರ್ದಶಿ ಹತ್ತಿರ ಬಂತೆಂದರೆ ವಿಷ್ಣುವಿನ ರೂಪವಾದ ಅನಂತನ ವ್ರತ ಹಿಡಿದ ಮನೆಗಳಲ್ಲಿ ಭಕ್ತಿಗಿಂತ ಭಯವೇ ಒಂದು ಕೈ ಮೇಲು. ತೋಳಿಗೆ ಕಟ್ಟಿದ ವ್ರತದ ದಾರ, ಅಂದರೆ ದೋರ, ಎಲ್ಲಿ ಹರಿದೀತೋ, ವ್ರತ ಮಾಡಬೇಕಾದ 14 ವರ್ಷದಲ್ಲಿ ಒಂದು ವರ್ಷ ಎಲ್ಲಿ ತಪ್ಪೀತೋ ಎಂಬ ಅಳುಕು. ವ್ರತಕಥೆಯನ್ನು ಮಂಗಳಾರತಿಯ ಗಡಿಬಿಡಿಯಲ್ಲಿ ಅರ್ಧಕ್ಕೇ ಮುಗಿಸುವುದೂ ಇದಕ್ಕೆ ಕಾರಣವಿರಬೇಕು.

ರಾಜ್ಯ ಕಳೆದುಕೊಂಡು ಕಾಡು ಸೇರಿದ್ದ ಧರ್ಮರಾಯನಿಗೆ ಕೃಷ್ಣ ಹೇಳಿದ ಕಥೆ ಅದು. ವ್ರತ ಹಿಡಿದಿದ್ದ ಸುಶೀಲೆಯ ತೋಳಿನಲ್ಲಿದ್ದ ದೋರ ತನ್ನನ್ನು ವಶಮಾಡಿಕೊಳ್ಳಲು ಕಟ್ಟಿದ್ದೆಂದು ಗಂಡ ಕೌಂಡಿನ್ಯ ಕಿತ್ತು ಬೆಂಕಿಗೆ ಹಾಕಿದ. ಆಕೆ ಓಡಿ ಎತ್ತಿ ಹಾಲಿನಲ್ಲಿ ಅದ್ದಿದಳು. ಸಿರಿಯೆಲ್ಲ ಕರಗಿತು. ಪಶ್ಚಾತ್ತಾಪಪಟ್ಟು ಹೊರಟವನು ಮಾವಿನ ಮರ, ಹಸು, ಎತ್ತು, ಜೋಡಿ ಕೊಳ, ಕತ್ತೆ, ಆನೆ ಎಲ್ಲವನ್ನೂ ಕೇಳಿದ: ಅನಂತನನ್ನು ಕಂಡಿರಾ? ಯಾವುದೂ ಕಂಡಿರಲಿಲ್ಲ. ಸೋತು ಕುಸಿದಾಗ ಮುದಿ ಬ್ರಾಹ್ಮಣನ ರೂಪದಲ್ಲಿ ಅನಂತನೇ ಬಂದು ಕೈ ಹಿಡಿದ. ಆ ಹೊತ್ತಿಗೆ ಕೌಂಡಿನ್ಯ ವ್ರತ ಹಿಡಿದೇ ಇರಲಿಲ್ಲ. 14 ವರ್ಷ ಮಾಡು ಎಂಬ ಮಾತು ಬಂದದ್ದು ಆಮೇಲೆ.

ಪೂಜೆಯ ಕ್ರಮ ಹೀಗೆ: ಮೊದಲು ಯಮುನಾ ಕಲಶದ ಪೂಜೆ, ನಂತರ ಏಳು ಹೆಡೆಯ ದರ್ಭೆಯ ಶೇಷನನ್ನಿಟ್ಟು ಅನಂತನ ಪೂಜೆ. 14 ಗಂಟಿನ ಕೆಂಪು ದೋರಕ್ಕೂ ಅರ್ಚನೆ. ಗಂಡಸರಿಗೆ ಬಲತೋಳು, ಹೆಂಗಸರಿಗೆ ಎಡತೋಳು. ಅಂಗಡಿಯಿಂದ ತಂದ ದೋರವಾದರೆ ಗಂಟುಗಳನ್ನು ಮನೆಯಲ್ಲೇ ಒಮ್ಮೆ ಎಣಿಸಿಕೊಳ್ಳಿ. ಕಟ್ಟುವಾಗ ಹೇಳುವ ಶ್ಲೋಕ ‘ಅನಂತಸಂಸಾರಮಹಾಸಮುದ್ರೇ ಮಗ್ನಂ ಸಮಭ್ಯುದ್ಧರ ವಾಸುದೇವ’ ಎಂದು ಶುರುವಾಗುತ್ತದೆ. ಮುಳುಗಿದ್ದೇನೆ, ಎತ್ತು ಎನ್ನುವುದಷ್ಟೇ ಬೇಡಿಕೆ; ಇಷ್ಟು ಮಾಡಿದ್ದೇನೆ ಎಂಬ ಲೆಕ್ಕ ಅದರಲ್ಲಿಲ್ಲ.

ಲೆಕ್ಕ ಇರುವುದು ಅತಿರಸಕ್ಕೆ. ಹಲವು ಮನೆಗಳಲ್ಲಿ 28. 14 ವಾಯನದಾನಕ್ಕೆ, ಉಳಿದದ್ದು ಮನೆಯವರಿಗೆ. ಎರಡು ಲೋಟ ಅಕ್ಕಿಗೆ ಒಂದೂವರೆ ಲೋಟ ಬೆಲ್ಲ. ನೆನೆಸಿದ ಅಕ್ಕಿಯನ್ನು ನೆರಳಲ್ಲಿ ಆರಿಸಿ, ಕೈಗೆ ತಂಪು ಹತ್ತುವಷ್ಟು ಪಸೆ ಇರುವಾಗಲೇ ಹಿಟ್ಟು ಮಾಡಬೇಕು. ಪಾಕದ ಹನಿ ನೀರಿನಲ್ಲಿ ಮೆತ್ತನೆ ಉಂಡೆಯಾದರೆ ಸಾಕು. ಎಳೆ ಪಾಕವಾದರೆ ಎಣ್ಣೆಯಲ್ಲಿ ಒಡೆದು ಚದುರುತ್ತದೆ, ಮೀರಿದರೆ ಕಲ್ಲು. ಹಿಟ್ಟನ್ನು ಹಿಂದಿನ ದಿನವೇ ಕಲಸಿಡಿ.

ಹಳೆಯ ದೋರವನ್ನು ಹೊಸದರ ಜೊತೆ ಪೂಜಿಸಿ ವಿಸರ್ಜಿಸುವುದು ರೂಢಿ. ವರ್ಷವಿಡೀ ತೋಳಲ್ಲಿಟ್ಟುಕೊಂಡರೆ ನೀರು, ಸೋಪು ತಾಗಿ ನೂಲು ಸವೆಯುವುದು ಸಹಜ, ಅಪಶಕುನವಲ್ಲ. ಹರಿದರೆ ತುಂಡನ್ನು ದೇವರಮನೆಯಲ್ಲಿಟ್ಟು ಮುಂದಿನ ಚತುರ್ದಶಿಗೆ ಹೊಸದನ್ನು ಕಟ್ಟಿಕೊಳ್ಳಿ. ಆ ದಿನವೇ ಸೂತಕ ಬಂದರೆ ಏನು ಮಾಡಬೇಕೆಂದು ಮನೆಯ ಪುರೋಹಿತರನ್ನು ಕೇಳಿ. ಪದ್ಧತಿ ಮನೆಯಿಂದ ಮನೆಗೆ ಬೇರೆ.