ಲಕೋಟೆಯಲ್ಲಿ ಬಂದ ಹೊಸ ಭತ್ತ

ಸೆಪ್ಟೆಂಬರ್ 8ಕ್ಕೆ ನಮ್ಮ, ಅಂದ್ರೆ ಮಂಗಳೂರು ಕಡೆಯ ಕಥೊಲಿಕರ, ಮೊಂತಿ ಫೆಸ್ತ್. ಮರಿಯಮ್ಮ ಹುಟ್ಟಿದ ದಿನ, ಜೊತೆಗೆ ಹೊಸ ಅಕ್ಕಿ ಊಟ, ಕನ್ನಡದಲ್ಲಿ ತೆನೆ ಹಬ್ಬ ಅಂತಾರಲ್ಲ ಅದೇ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಲ್ಲಿ ಶುರುವಾದದ್ದು ಅಂತ ಹೇಳ್ತಾರೆ, ಮೊಂತಿ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ನಾವಿರೋದು ಕುವೈತಲ್ಲಿ. 2024ರಲ್ಲಿ 8ನೇ ತಾರೀಕು ಆದಿತ್ಯವಾರ ಬಿತ್ತು, ಇಲ್ಲಿ ಆದಿತ್ಯವಾರ ಆಫೀಸು, ರಜೆ ಶುಕ್ರವಾರ ಶನಿವಾರ, ಹಾಗಾಗಿ ಹಬ್ಬದೂಟ 13ಕ್ಕೆ ಅಂತ ಆಯ್ತು. ಅದೇ ಒಳ್ಳೇದಾಯ್ತು ಬಿಡಿ, ಅಷ್ಟರಲ್ಲಿ ರಜೆ ಮುಗಿಸಿ ಬಂದ ಒಬ್ರ ಕೈಲಿ ಅಮ್ಮ ಲಕೋಟೆ ಕಳಿಸಿದ್ರು, ಒಳಗೆ ಚರ್ಚಲ್ಲಿ ಆಶೀರ್ವಾದ ಆದ ತೆನೆಯ ಒಂದು ಚಿಟಿಕೆ ಭತ್ತ.

ಊರಲ್ಲಾದ್ರೆ ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಮಕ್ಕಳು ಗುಡ್ಡೆ ಎಲ್ಲ ಸುತ್ತಿ ಹೂ ಕೊಯ್ದು ಮರಿಯಮ್ಮನಿಗೆ ಹಾಕೋದು. ಇಲ್ಲಿ ಎಂತ ಹೂ, ಎಂತ ಗುಡ್ಡೆ. ಮಗಳು ಮುಖ ಊದಿಸ್ಕೊಂಡಿದ್ಳು. ಅದೇ ಟೈಮಲ್ಲಿ ನಮ್ಮ ಬಿಲ್ಡಿಂಗಿನ ಹಾರಿಸ್‌ಗೆ, ಅಂದ್ರೆ ವಾಚ್‌ಮನ್‌ಗೆ, ಜ್ವರ. ನಾವು ಚಾಚಾ ಅಂತ ಕರೆಯೋದು, ಬಾಂಗ್ಲಾದೇಶದವರು, ಮೆಟ್ಟಿಲ ಕೆಳಗಿನ ಸಣ್ಣ ರೂಮಲ್ಲಿ ಇರ್ತಾರೆ, ಬೆಳಿಗ್ಗೆ ಎಲ್ಲರ ಕಾರು ತೊಳೀತಾರೆ. ಎರಡು ದಿನ ಕಾರು ತೊಳೆದಿಲ್ಲ ಅಂತ ಕಂಪ್ಲೇಂಟ್ ಮಾಡೋಕೆ ಇಳಿದು ಹೋದವಳು ನಾನೇ, ನಾಚಿಕೆ ಆಗುತ್ತೆ ಹೇಳೋಕೆ. ಬಾಗಿಲು ತೆಗೆದ್ರೆ ಚಾಚಾ ಹಾಸಿಗೆಯಿಂದ ಏಳೋ ಸ್ಥಿತೀಲೇ ಇರ್ಲಿಲ್ಲ. ಆಮೇಲೆ ಒಂದು ವಾರ ಗಂಜಿ ಹೋಯ್ತು ಕೆಳಗೆ, ತಗೊಂಡು ಹೋಗೋ ಕೆಲಸ ಮಗಳದ್ದು, ನಮ್ಮವರು ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ರು.

ಬೈಬಲ್‌ನ ಮತ್ತಾಯ 25ರಲ್ಲಿ ಯೇಸು ಹೇಳೋದು ಇದೇ ಅಲ್ವಾ, ಹಸಿದಿದ್ದೆ, ಪರದೇಶಿಯಾಗಿದ್ದೆ, ರೋಗಿಯಾಗಿದ್ದೆ ಅಂತ. ನಾವು ಗಲ್ಫಿನವರು ಹಬ್ಬಕ್ಕೆ ಹಾಲ್ ಬುಕ್ ಮಾಡೋದು, ಸೀರೆ ಮ್ಯಾಚಿಂಗು, ಲಕ್ಕಿ ಡ್ರಾ ಇದರಲ್ಲೆಲ್ಲ ಹುಷಾರು, ಮೆಟ್ಟಿಲ ಕೆಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡೋದು ಕಮ್ಮಿ.

ಹಬ್ಬದೂಟಕ್ಕೆ ಚಾಚಾನೂ ಬರ್ಲಿ ಅಂದೆ. ನಮ್ಮವರು ಊಟಕ್ಕೆ ಬರ್ಲಿ, ಆದ್ರೆ ಹೊಸ ಭತ್ತ ಮನೆಯವರಿಗೆ ಮಾತ್ರ ಅಲ್ವಾ ಅಂದ್ರು. ಹೌದು, ಪದ್ಧತಿ ಹಾಗೇ ಉಂಟು, ದೂರ ಇರೋ ಮಕ್ಕಳಿಗೆ ಪೋಸ್ಟಲ್ಲಾದ್ರೂ ಕಳಿಸೋದು ಅದಕ್ಕೇ. ನಾನು ಜಗಳಕ್ಕೆ ಹೋಗ್ಲಿಲ್ಲ. ಭತ್ತ ಸುಲಿದು ಪುಡಿ ಮಾಡಿ ಪಾಯಸಕ್ಕೆ ಹಾಕಿದೆ, ತೆಂಗಿನ ಹಾಲು ಇನ್ನೊಂದು ಡಬ್ಬಿ ಜಾಸ್ತಿ ಸುರಿದೆ, ಇನ್ನು ಯಾರ ಪಾಲು ಯಾವುದು ಅಂತ ಹೇಗೆ ಬೇರೆ ಮಾಡ್ತೀರಿ.

ಹರಿವೆ ದಂಟು, ಬೆಂಡೆ, ಹೀರೆ, ಅಲಸಂಡೆ, ಹಾಗಲ, ಐದು ಬಗೆ ಆಯ್ತು, ಲೆಕ್ಕ ಬೆಸ ಇರ್ಬೇಕು. ವರ್ಷವಿಡೀ ಮೀನು ಮಾಂಸ ಅಂತ ಇರೋ ನಮಗೆ ಆವತ್ತು ಪೂರಾ ಸಸ್ಯಾಹಾರ, ಹಾಗಾಗಿ ಚಾಚಾಗೂ ಹಲಾಲ್ ಹೌದಾ ಅಲ್ವಾ ಅನ್ನೋ ತಲೆಬಿಸಿ ಇಲ್ಲ.

ಪಾಯಸ ಬಾಯಿಗಿಟ್ಟವರು ಇದೆಂತ ಅಂತ ಹಿಂದಿಯಲ್ಲಿ ಕೇಳಿದ್ರು. ಹೊಸ ಭತ್ತ ಅಂದೆ. ನೊಬಾನ್ನೊ, ಅಂದ್ರು ತಕ್ಷಣ. ಅವರ ಕಡೆ ಹೊಸ ಅಕ್ಕಿ ಹಬ್ಬಕ್ಕೆ ಹಾಗೆ ಹೇಳ್ತಾರಂತೆ, ಹಾಲು ಬೆಲ್ಲ ಹಾಕಿ ಹೀಗೇ ಮಾಡ್ತಾರಂತೆ, ಊರಿಗೆ ಹೋಗದೆ ಆರು ವರ್ಷ ಆಯ್ತಂತೆ. ಲಕೋಟೆ ಮೂಲೆಯಲ್ಲಿ ಸಿಪ್ಪೆ ಸಮೇತ ಎರಡು ಕಾಳು ಉಳಿದಿತ್ತು, ನಮ್ಮವರೇ ಎದ್ದು ಹೋಗಿ ತಂದು ಅವರ ಅಂಗೈಗೆ ಹಾಕಿದ್ರು. ಮೂಗಿನ ಹತ್ರ ಹಿಡ್ಕೊಂಡು ತುಂಬ ಹೊತ್ತು ಕೂತಿದ್ರು ಚಾಚಾ, ಪಾಯಸ ತಣ್ಣಗಾಯ್ತು.